ಇಲ್ಲ ಅನ್ನದ ಬಾಗಿಲು

ಹತ್ತು ಗಂಟೆಗೆ ಮಾತ್ರ ಫೋನ್ ಮಾಡಬೇಡಿ ಎಂದು ವೈಶಾಲಿ ಹೇಳಿಹೋದದ್ದು ಬೆಳಗಿನಿಂದ ಮಹಾಲಿಂಗನ ತಲೆ ಕೊರೆಯುತ್ತಿತ್ತು. ಬೇರೆ ಯಾವ ಹೊತ್ತಿಗಾದರೂ ಮಾಡಬಹುದಂತೆ. ಬೀಳಗಿಯಲ್ಲಿ ಬಸ್ಸು ಇಳಿದ ಮೇಲೆ ಮಾಡಬಹುದು, ಬಸುರಿ ತಂಗಿಗೆ ಕುಬಸದ ಸೀರೆ ಉಡಿಸುವಾಗ ಮಾಡಬಹುದು, ಊಟಕ್ಕೆ ಕೂತಾಗಲೂ ಮಾಡಬಹುದು, ಹತ್ತಕ್ಕೆ ಬೇಡ. ಹೊಸ್ತಿಲಲ್ಲಿ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತ, ಅವನ ಮುಖ ನೋಡದೆ ಅಂದಿದ್ದಳು: "ಹತ್ತಕ್ಕ ನಂಗೊಂದು ಕೆಲಸ ಐತ್ರಿ, ಆಗ ಫೋನ್ ಮಾಡಬ್ಯಾಡ್ರಿ. ಮತ್ತ ಸರ್ವರ್‌ದಾಗ ಏನೂ ಮುಟ್ಟಬ್ಯಾಡ್ರಿ. ಎಲ್ಲಾ ಮಾಡಿಟ್ಟೇನಿ." ಒಂದೇ ಉಸಿರಿಗೆ ಎರಡು ಬ್ಯಾಡ. ಅವನು ಹೂಂ ಅಂದ. ಅವಳು ಓಣಿಯ ತಿರುವು ಮುಟ್ಟುವವರೆಗೂ ನಿಂತು ನೋಡಿದ. ತಿರುವಿನಲ್ಲಿ ಅವಳು ಫೋನ್ ತೆಗೆದು ಕಿವಿಗೆ ಹಿಡಿದಳು. ತವರಿಗೆ ಹೊರಟ ಹೆಂಗಸು ತಾಯಿಗೆ ಫೋನ್ ಮಾಡುತ್ತಾಳೆ, ಅದರಲ್ಲೇನಿದೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ನಂಬಿಕೆ ಬರಲಿಲ್ಲ.

ಮುಧೋಳದ ಬಜಾರಿನಲ್ಲಿ ಗೊಬ್ಬರದ ಅಂಗಡಿಯ ಮೇಲಿದ್ದ ಆಫೀಸಿಗೆ ಮೆಟ್ಟಿಲು ಹತ್ತುವಾಗ ಯೂರಿಯಾ ವಾಸನೆ ಮೂಗಿಗೆ ಬಡಿಯಿತು. ದಿನವೂ ಬಡಿಯುವುದೇ, ಇವತ್ತು ಅದೂ ಬೇಕೆಂದೇ ಬಡಿದ ಹಾಗೆ ಅನ್ನಿಸಿತು. ಬೇಟೆನಾಯಿ ಸಾಕುವ ಸುತ್ತಲಿನ ಕುರಿಗಾರರು ಸೇರಿ ಮಾಡಿಕೊಂಡ ಸಂಘದ ಆಫೀಸು ಅದು. ಅದರ ವೆಬ್‌ಸೈಟು, ಸರ್ವರು ನೋಡಿಕೊಳ್ಳುವವರು ಗಂಡಹೆಂಡತಿ ಇಬ್ಬರೇ. ನಾಯಿಮರಿಗಳು ತಾಯಿಯ ಹಾಲು ಬಿಟ್ಟ ಮೇಲೆ ಒಂದು ದಿನ ಗೊತ್ತುಮಾಡಿ, ಬೆಳಿಗ್ಗೆ ಹತ್ತಕ್ಕೆ ಸಂಘದ ವೆಬ್‌ಸೈಟಿನಲ್ಲಿ ಬುಕಿಂಗ್ ತೆರೆಯುತ್ತಿದ್ದರು. ಮೊದಲೆಲ್ಲ ಕೇಳುವವರಿಗಿಂತ ಮರಿಗಳೇ ಹೆಚ್ಚು. ಕಬ್ಬಿನ ಹೊಲದ ದಂಡೆಯಲ್ಲಿ ಮೋಟರ್ ಸೈಕಲ್ಲನ್ನು ಹಿಂದೆ ಹಾಕಿ ಓಡಿದ ನಾಯಿಯೊಂದರ ವಿಡಿಯೋ ದೇಶವೆಲ್ಲ ತಿರುಗಿದ ಮೇಲೆ ಲೆಕ್ಕ ತಿರುವುಮುರುವಾಯಿತು. ಬೆರಳೆಣಿಕೆಯಷ್ಟು ಮರಿ, ಸಾವಿರಗಟ್ಟಲೆ ಜನ, ಎಲ್ಲರೂ ಹತ್ತು ಹೊಡೆದ ಕೂಡಲೇ. ಹೋದ ಸಲ ಸೈಟು ಹೊತ್ತಿಗೆ ಸರಿಯಾಗಿ ಸತ್ತು ಮಲಗಿತು. ಸಂಘದ ಅಧ್ಯಕ್ಷ ಅಣ್ಣಾಸಾಹೇಬ, ನೀರಾವರಿ ಹೊಲವುಳ್ಳ ದೊಡ್ಡ ಕುಳ, ಮಾತು ಕಡಿಮೆ, ಆವತ್ತು ಏನೂ ಅನ್ನಲಿಲ್ಲ. ಮೊನ್ನೆ ಅಂದ. ಈ ಸಲವೂ ಹಂಗೇ ಆದರೆ ಸರ್ವರಿನ ಕೆಲಸವನ್ನು ಚಿಮ್ಮಡದ ಕಲ್ಮೇಶನಿಗೆ ಒಪ್ಪಿಸಿಬಿಡೋಣ, ಮಹಾಲಿಂಗ ಬೇಕಾದರೆ ಕುರಿಗಾರರ ಮನೆಮನೆಗೆ ಹೋಗಿ ಮರಿಗಳ ಫೋಟೋ ತೆಗೆಯಲಿ ಎಂದು. ಫೋಟೋ ತೆಗೆಯುವುದು ಹೀನಾಯದ ಕೆಲಸವೇನಲ್ಲ. ಆದರೆ ಕಲ್ಮೇಶ ಆಡಿಸಿದಂತೆ ಆಡುವ ಸರ್ವರಿನ ಮುಂದೆ ಹೆಂಡತಿ ಒಳಗೆ ಕೂತು ಕೆಲಸ ಮಾಡುತ್ತ, ಗಂಡ ನಾಯಿಮರಿಯ ಮುಂದೆ ಮೊಣಕಾಲೂರಿ ಮೊಬೈಲ್ ಹಿಡಿಯುವುದೆಂದರೆ!

ಕಲ್ಮೇಶ. ಆ ಹೆಸರು ನಾಲಿಗೆಯ ಮೇಲೆ ಬಂದಾಗಲೆಲ್ಲ ಮಹಾಲಿಂಗನಿಗೆ ಬೇಳೆಯಲ್ಲಿನ ಹರಳು ಹಲ್ಲಿಗೆ ಸಿಕ್ಕಂತಾಗುತ್ತಿತ್ತು. ಜಮಖಂಡಿಯ ಪಾಲಿಟೆಕ್ನಿಕ್ಕಿನಲ್ಲಿ ವೈಶಾಲಿಯ ಜೊತೆ ಓದಿದವನು. ಎಲ್ಲೆಲ್ಲೋ ಕೆಲಸ ಮಾಡಿ ಬೇಸತ್ತು, ಈಗ ಚಿಮ್ಮಡದಲ್ಲಿ ಅಪ್ಪನ ಕುರಿದೊಡ್ಡಿಯ ಪಕ್ಕದ ತಗಡಿನ ಕೋಣೆಯಲ್ಲಿ ಕೂತು, ಕುರಿ ಹಿಕ್ಕೆಯ ವಾಸನೆಯ ನಡುವೆ, ಕರ್ನಲ್ಲಿಗೆ ಸಾಲು ಬರೆಯುತ್ತಾನಂತೆ. ಕರ್ನಲ್ ಅಂದರೆ ಯಂತ್ರದ ಒಡಲಲ್ಲಿ ಎಲ್ಲಕ್ಕಿಂತ ಕೆಳಗೆ ಕೂತು ಎಲ್ಲವನ್ನೂ ನಡೆಸುವ ತಂತ್ರಾಂಶ. ಕಲ್ಮೇಶ ಬರೆದ ಕೆಲವು ಸಾಲು ಅದರಲ್ಲಿ ಸೇರಿವೆ, ಅಂದ ಮೇಲೆ ಜಗತ್ತಿನ ಎಷ್ಟೋ ಯಂತ್ರಗಳಲ್ಲಿ ಅವನಿದ್ದಾನೆ ಎಂದು ವೈಶಾಲಿ ಒಮ್ಮೆ ರೊಟ್ಟಿ ಬಡಿಯುತ್ತ ಹೇಳಿದ್ದಳು. ಹೇಳುವಾಗ ಅವಳ ದನಿ ತುಸು ಮೇಲೇರಿತ್ತು. ಅಷ್ಟು ಸಾಕಾಯಿತು. ಅಂದಿನಿಂದ ಮಹಾಲಿಂಗ ಸರ್ವರಿನ ಕಪ್ಪು ಪರದೆ ತೆರೆದಾಗಲೆಲ್ಲ, ಈ ಮಗ ಇಲ್ಲಿಯೂ ಇದ್ದಾನೆ, ಅನ್ನಿಸುತ್ತಿತ್ತು. ಅಡಿಗೆಮನೆಯಲ್ಲಿ ಎಣ್ಣೆಡಬ್ಬಿಗೆ ಆನಿಸಿಟ್ಟ ಫೋನಿನಲ್ಲಿ ಇದ್ದಾನೆ, ಅಧ್ಯಕ್ಷನ ಬಾಯಲ್ಲಿ ಇದ್ದಾನೆ, ಕೊನೆಗೆ ತಾನು ಒಬ್ಬನೇ ಕೂತು ಕೆಲಸ ಮಾಡುವ ಯಂತ್ರದ ತಳದಲ್ಲೂ ಕಾಲು ಚಾಚಿ ಕೂತಿದ್ದಾನೆ. ಹೆಂಡತಿಯ ಮೇಲೆ ಸಂಶಯವೇ ಎಂದು ಯಾರಾದರೂ ಕೇಳಿದ್ದರೆ ಅವನು ಸಿಟ್ಟಿಗೆದ್ದು ಇಲ್ಲ ಅನ್ನುತ್ತಿದ್ದ. ಅದು ಖರೆಯೇ. ಅವರಿಬ್ಬರು ಮಾತಾಡುವುದು ಸರ್ವರಿನ ವಿಷಯ ಮಾತ್ರ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಉರಿ. ಬೇರೆ ಏನಾದರೂ ಇದ್ದಿದ್ದರೆ ಜಗಳವಾಡಬಹುದಿತ್ತು. ಪಾಳಿಯ ಸಾಲು ಎಷ್ಟು ಉದ್ದ ಇಡಬೇಕು ಎಂಬ ಮಾತಿಗೆ ಹೆಂಡತಿಯ ಕಣ್ಣು ಹೊಳೆದರೆ ಯಾರ ಹತ್ತಿರ ಹೋಗಿ ಜಗಳವಾಡುವುದು?

ಹೋದ ಸಲ ಆದದ್ದು ಸಣ್ಣ ತಪ್ಪು. ಬಂದವರು ಬಾಗಿಲು ಬಡಿಯುವುದು ಬುಕಿಂಗ್ ಮಾಡುವ ಪ್ರೋಗ್ರಾಮಿಗೆ ನೇರ ಕೇಳಿಸುವುದಿಲ್ಲ. ಹೊರಗಿನ ಕಟ್ಟೆಯ ಮೇಲೆ ಕರ್ನಲ್ ಕೂತಿರುತ್ತದೆ. ಬಂದವರನ್ನು ಮಾತಾಡಿಸಿ, ಪಾಳಿಗೆ ನಿಲ್ಲಿಸಿ, ಪ್ರೋಗ್ರಾಮಿನ ಕೈ ಬಿಡುವಾದಂತೆ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತದೆ. ಆ ಪಾಳಿಯ ಉದ್ದಕ್ಕೆ ಎರಡು ಕಡೆ ಮಿತಿ. ಕರ್ನಲ್ಲಿನದು ಒಂದು, ಪ್ರೋಗ್ರಾಮು ಕೇಳಿಕೊಂಡದ್ದು ಇನ್ನೊಂದು. ಎರಡರಲ್ಲಿ ಯಾವುದು ಸಣ್ಣದೋ ಅದೇ ನಡೆಯುತ್ತದೆ. ಮಹಾಲಿಂಗ ಕರ್ನಲ್ಲಿನ ಅಂಕಿಯನ್ನು ಆಕಾಶಕ್ಕೇರಿಸಿ, ಪ್ರೋಗ್ರಾಮಿನದನ್ನು ಮುಟ್ಟದೆ ಬಿಟ್ಟಿದ್ದ. ಹೆಬ್ಬಾಗಿಲು ಅಗಲ ಮಾಡಿ ಒಳಬಾಗಿಲಿಗೆ ಚಿಲಕ ಹಾಕಿಯೇ ಬಿಟ್ಟಂತೆ. ಸೈಟು ನಿಂತಾಗ ಅವನು ಅಣ್ಣಾಸಾಹೇಬನ ಮುಂದೆ ನಿಂತು, ನೆಟ್‌ವರ್ಕ್ ಸರಿ ಇಲ್ಲರಿ ಸಾವ್ಕಾರ್ರ, ಮುಂಬೈದಾಗ ಮಷೀನ್ ಐತಿ, ಅಲ್ಲೇ ಏನೋ ಆಗೇತಿ ಎಂದು ಒಂದೇ ಸಮನೆ ಹೇಳುತ್ತಿದ್ದ. ಹಿಂದಿನ ಕುರ್ಚಿಯಲ್ಲಿ ವೈಶಾಲಿ ಫೋನು ಕಿವಿಗಿಟ್ಟು ಕಲ್ಮೇಶನ ಎರಡು ಮಾತು ಕೇಳಿ, ಏನೋ ಒತ್ತಿದಳು. ಸೈಟು ಎದ್ದು ಕೂತಿತು. ಅವನ ಬಾಯಲ್ಲಿ ಮುಂಬೈ ಅನ್ನುವ ಶಬ್ದ ಅರ್ಧಕ್ಕೆ ಉಳಿಯಿತು. ಅಣ್ಣಾಸಾಹೇಬ ಅವನನ್ನು ದಾಟಿ ಹೋಗಿ ಅವಳ ಹತ್ತಿರ ನಿಂತು, ಏನಾಗಿತ್ತವ್ವಾ, ಎಂದು ಕೇಳಿದ. ಅವಳು ಗಂಡನ ಕಡೆ ಒಮ್ಮೆ ನೋಡಿ, ಸಣ್ಣದಿತ್ತರಿ, ಅಂದಳು. ಅವಳು ಹಾಗೆ ಮುಚ್ಚಿಟ್ಟದ್ದು ಬೈಗುಳಕ್ಕಿಂತ ಹೆಚ್ಚು ಅವನನ್ನು ನೋಯಿಸಿತು.

ನಿನ್ನೆ ಸಂಜೆಯ ಮಾತು ಈಗ ಮತ್ತೆ ಕಿವಿಯಲ್ಲಿ ಆಡತೊಡಗಿತು. ವೈಶಾಲಿಯ ಕೈ ಹಿಟ್ಟಾಗಿತ್ತು, ಫೋನು ಎಣ್ಣೆಡಬ್ಬಿಗೆ ಆನಿಕೊಂಡು ಕಲ್ಮೇಶನ ದನಿಯಲ್ಲಿ ಮಾತಾಡುತ್ತಿತ್ತು. ಪಡಸಾಲೆಯಲ್ಲಿ ಪೇಪರು ಹಿಡಿದು ಕೂತ ಮಹಾಲಿಂಗ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದ. ಪಾಳಿ ಎಷ್ಟೇ ಉದ್ದ ಇಟ್ಟರೂ ಅದೊಂದು ದಿನ ತುಂಬುತ್ತದೆ, ತುಂಬಿದ ಮೇಲೆ ಬಂದವರ ಗತಿ ಏನು ಎಂದು ಅವಳು ಕೇಳಿದ್ದಳು. "ಕರ್ನಲ್ ಏನೂ ಅನ್ನೂದಿಲ್ಲ," ಕಲ್ಮೇಶ ಹೇಳಿದ. "ಸುಮ್ಮ ಇರತೈತಿ. ಬಂದಂವ ನನ್ನ ಮಾತು ಮುಟ್ಟಲಿಲ್ಲೇನೋ ಅಂತ ತಿಳಕೊಂಡು ಸ್ವಲ್ಪ ತಡದು ಮತ್ತ ಬರ್ತಾನ. ಮತ್ತೂ ಆಗಲಿಲ್ಲಂದ್ರ ಅದರ ಎರಡರಷ್ಟು ತಡದು ಬರ್ತಾನ. ಅಷ್ಟರಾಗ ಜಾಗಾ ಆಗಿರತೈತಿ." ವೈಶಾಲಿ ನಕ್ಕಳು. ಮೈಮರೆತ ನಗು. "ಥೇಟ್ ನಮ್ಮ ಅತ್ತಿ ಹಂಗ," ಅಂದಳು.

ತನ್ನ ಅವ್ವನನ್ನು ತೆಗೆದುಕೊಂಡುಹೋಗಿ ಆ ಕುರಿದೊಡ್ಡಿಯ ಮನುಷ್ಯನಿಗೆ ನಗಲು ಕೊಟ್ಟಳಲ್ಲ ಎಂದು ಮಹಾಲಿಂಗನ ಮೈಯೆಲ್ಲ ಉರಿಯಿತು. ಪೇಪರು ಮಡಚದೆ, ಕೂತಲ್ಲಿಂದಲೇ, ಇಲ್ಲ ಅಂತ ನೇರವಾಗಿ ಹೇಳುವ ಸೆಟಿಂಗ್ ಏನೂ ಇಲ್ಲವೇನು ಎಂದು ಕೂಗಿ ಕೇಳಿದ. "ಐತ್ರಿ ಸರ," ಫೋನು ಹೇಳಿತು. "ಸೊನ್ನಿ ಇದ್ದದ್ದು ಒಂದು ಮಾಡಿದ್ರ ಆತು. ಪಾಳಿ ತುಂಬಿದ ಮ್ಯಾಲ ಹೊಸ್ತಿಲಕ್ಕ ಬಂದವ್ರನ್ನ ಅಲ್ಲೇ ಕಡದು ಕಳಸತೈತಿ. ಆದ್ರ ಅದನ್ನ ಯಾರೂ ಮಾಡೂದಿಲ್ರಿ." ಕಲ್ಮೇಶ ಅವನನ್ನು ಯಾವಾಗಲೂ ಸರ ಅನ್ನುತ್ತಿದ್ದ. ಒಮ್ಮೆಯೂ ಒಂದು ಒರಟು ಮಾತು ಆಡಿದವನಲ್ಲ. ಆಡಿದ್ದರೆ ಎಷ್ಟು ಹಗುರಾಗುತ್ತಿತ್ತು.

ಅವ್ವ ತಂಗೆವ್ವ ಹಾಗೆಯೇ ಇದ್ದಳು, ಅದು ಸುಳ್ಳಲ್ಲ. ರನ್ನ ಬೆಳಗಲಿಯ ಮನೆಗೆ ನಾಯಿಮರಿ ಕೇಳಿಕೊಂಡು ದೂರದೂರದಿಂದ ಜನ ಬರುತ್ತಿದ್ದರು. ತಂಗೆವ್ವ ಜೋಳ ಹಸನು ಮಾಡುತ್ತ ಕೂತವಳು ಮೊರದಿಂದ ಕಣ್ಣೆತ್ತುತ್ತಿರಲಿಲ್ಲ. ಹೂಂ ಅನ್ನುತ್ತಿರಲಿಲ್ಲ, ಉಹುಂ ಅನ್ನುತ್ತಿರಲಿಲ್ಲ. ಬಂದವನು ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಬಿಸಿಲು ಇಳಿಯುವವರೆಗೆ ಕಾದು ಎದ್ದು ಹೋಗುತ್ತಿದ್ದ. ಮತ್ತೆ ಬರುತ್ತಿದ್ದ. ಬರಬರುತ್ತ ಒಂದು ದಿನ ಅವ್ವ ಒಳಗೆ ಹೋಗಿ, ಮರಿಯೊಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ಅವನ ಉಡಿಗೆ ಹಾಕುತ್ತಿದ್ದಳು. ನೀರು ಕೊಡಲು ಹೋಗುತ್ತಿದ್ದ ಮಹಾಲಿಂಗನಿಗೆ ಆ ಮುಖಗಳನ್ನು ನೋಡಲಾಗುತ್ತಿರಲಿಲ್ಲ. ದೊಡ್ಡ ದೊಡ್ಡ ಮೀಸೆಯವರು, ರುಮಾಲಿನವರು, ಕೈಯಲ್ಲಿ ಟವೆಲು ಹಿಂಡುತ್ತ ಕೂತಿರುತ್ತಿದ್ದರು. ಇಲ್ಲ ಅಂತ ಹೇಳಿ ಕಳಿಸಬಾರದೇನವ್ವ ಎಂದು ಒಮ್ಮೆ ಸಿಟ್ಟಿನಿಂದ ಕೇಳಿದಾಗ ಅವಳು, "ಇಲ್ಲ ಅಂದ್ರ ಅಂವ ಮತ್ತ ಬರೂದಿಲ್ಲ. ನಾಳಿ ಮರಿ ಆದ್ರ ಯಾರಿಗ್ ಕೊಡ್ಲಿ?" ಅಂದಳು. ಆ ಮನೆಯಲ್ಲಿ ಜೋಳ ತೀರಿದರೂ ತೀರಿತು ಅನ್ನುತ್ತಿರಲಿಲ್ಲ. ಅವಳ ಕೊನೆಯ ನಾಯಿ ರಾಣಿ ಶ್ರಾವಣದಲ್ಲಿ ಸತ್ತಿತು. ಅಂದಿನಿಂದ ಅವಳು ಸಂಜೆಯಾದರೆ ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಾಳೆ. ಸಂಘದಿಂದ ಒಂದು ಮರಿ ತಂದುಕೊಡಬಾರದೇ ಎಂದು ವೈಶಾಲಿ ಕೇಳಿದ್ದಳು. ಆಫೀಸಿನವರ ಮನೆಗೆ ಹಿಂಬಾಗಿಲಿನಿಂದ ಮರಿ ಹೋಗಕೂಡದು, ಯಾರಿಗೇ ಬೇಕಾದರೂ ಹತ್ತರ ಪಾಳಿಯಲ್ಲೇ ಬರಬೇಕು ಎಂಬ ನಿಯಮ ಮಾಡಿದವನು ಮಹಾಲಿಂಗನೇ. ಆ ನಿಯಮದ ಬಗ್ಗೆ ಅವನಿಗೆ ಬಹಳ ಹೆಮ್ಮೆಯಿತ್ತು. ಆಗದು ಅಂದಿದ್ದ.

ಅವನೂ ಒಂದು ಕಾಲಕ್ಕೆ ಹಾಗೆ ಕಟ್ಟೆಯ ಮೇಲೆ ಕೂತವನೇ. ಬೀಳಗಿಯಲ್ಲಿ, ವೈಶಾಲಿಯ ಅಪ್ಪ ಅಂದಾನೆಪ್ಪನ ಕಟ್ಟೆ. ಹಿನ್ನೀರಿನ ಕಡೆಯಿಂದ ಬೀಸುವ ಗಾಳಿಗೆ ಅಂಗಿಯ ತೋಳು ಪಟಪಟ ಅನ್ನುತ್ತಿದ್ದರೆ, ಕಾಲು ಎಲ್ಲಿಡುವುದು ಕೈ ಎಲ್ಲಿಡುವುದು ತಿಳಿಯದೆ ಕೂತಿದ್ದ. ಹೆಣ್ಣು ಕೇಳಲು ಹಿರಿಯರ ಜೊತೆ ಬಂದದ್ದು ಒಂದು ಸಲ. ಆಮೇಲೆ ಅವನೊಬ್ಬನೇ, ಕುರಿಯ ನೆಪ, ಬೀರೇಶ್ವರನ ಪ್ರಸಾದದ ನೆಪ ಹೇಳಿಕೊಂಡು ಎಷ್ಟೋ ಸಲ ಬಂದ. ಅಂದಾನೆಪ್ಪ ಮಳೆಯ ಮಾತು ಆಡಿದ, ಕಬ್ಬಿನ ಮಾತು ಆಡಿದ, ಆ ಮಾತು ಮಾತ್ರ ಆಡಲಿಲ್ಲ. ಒಳಗೆ ಬಳೆ ಸದ್ದಾಗುತ್ತಿತ್ತು. ಕೊನೆಗೊಂದು ದಿನ ಸಕ್ಕರೆ ಕೊಟ್ಟು ಒಪ್ಪಿಗೆ ತಿಳಿಸಿದರು, ಮದುವೆಯಾಯಿತು. ಮದುವೆಯಾದ ಹೊಸದರಲ್ಲಿ ವೈಶಾಲಿ ತಾನಾಗಿಯೇ ಹೇಳಿದ್ದಳು, ಕಲ್ಮೇಶನೂ ಕೇಳಿದ್ದ, ನಾನೇ ಒಲ್ಲೆ ಅಂದೆ, ಅವನು ಮತ್ತೆ ಆ ಮಾತು ತೆಗೆಯಲಿಲ್ಲ ಎಂದು. ಮನಸ್ಸು ಹಗುರಾಗಲಿ ಅಂತ ಹೇಳಿದ್ದು. ಮಹಾಲಿಂಗ ಅದನ್ನು ಅಂದಿನಿಂದ ಮೆಲುಕು ಹಾಕುತ್ತಿದ್ದಾನೆ. ಕಲ್ಮೇಶನಿಗೆ ಬಾಯಿ ಬಿಟ್ಟು ಒಂದು ಮಾತು ಹೇಳಿದಳು. ತನಗೆ ಏನನ್ನೂ ಹೇಳಲಿಲ್ಲ. ಒಲ್ಲೆ ಅನ್ನದೇ ಇದ್ದಿದ್ದರೆ ಕಲ್ಮೇಶ ಮತ್ತೆ ಬರುತ್ತಿದ್ದ, ಆಗ ಪಾಳಿಯಲ್ಲಿ ತಾನು ಹಿಂದಾಗುತ್ತಿದ್ದೆ. ಅವಳು ಸಿಕ್ಕಿದ್ದು ತಾನು ಬಂದು ಬಂದು ಕೂತದ್ದಕ್ಕೆ. ತಾನು ಬೇಕಾಗಿ ಅಲ್ಲ.

ಹತ್ತಕ್ಕೆ ಇನ್ನು ಸ್ವಲ್ಪ ಹೊತ್ತಿತ್ತು. ಗೋಡೆ ಗಡಿಯಾರದ ಕೆಳಗೆ ಕೂತು ಮಹಾಲಿಂಗ ಪರದೆಯನ್ನು ನೋಡಿದ. ವೈಶಾಲಿ ಎಲ್ಲ ಮಾಡಿಟ್ಟಿದ್ದಳು. ಎರಡೂ ಕಡೆಯ ಮಿತಿ ಸರಿಸಮ, ಪ್ರೋಗ್ರಾಮಿನ ಕೈಗಳು ಹೆಚ್ಚಾಗಿವೆ, ಒಂದು ಕಡೆಯೂ ಬೆರಳು ಇಡಲು ಜಾಗವಿಲ್ಲ. ಇದರಲ್ಲಿ ತನ್ನದು ಏನಿದೆ ಎಂದು ಹುಡುಕಿದ. ಏನೂ ಇರಲಿಲ್ಲ. ಸೈಟು ನಿಂತರೆ ತನ್ನ ತಲೆಗೆ, ನಡೆದರೆ ಕಲ್ಮೇಶನ ಹೆಸರಿಗೆ. ಎಲ್ಲ ಸರಿ ಇದೆಯೇ ಕೇಳೋಣ ಎಂದು ತನಗೇ ಒಂದು ನೆಪ ಹೇಳಿಕೊಂಡು ಕಲ್ಮೇಶನಿಗೆ ಫೋನ್ ಮಾಡಿದ. ಅವನು ಬೇರೊಬ್ಬರ ಜೊತೆ ಮಾತಾಡುತ್ತಿದ್ದಾನೆ ಎಂದು ಕಂಪನಿಯ ಹೆಣ್ಣುದನಿ ಹೇಳಿತು. ಸ್ವಲ್ಪ ತಡೆದು ಮಾಡಿದ, ಆಗಲೂ ಅದೇ. ಹತ್ತಕ್ಕ ನಂಗೊಂದು ಕೆಲಸ ಐತ್ರಿ. ಗಡಿಯಾರದ ಮುಳ್ಳು ಹತ್ತರ ಕಡೆ ಸರಿಯುತ್ತಿತ್ತು. ಬೀಳಗಿಯ ಮಾಳಿಗೆಯ ಮೇಲೆ, ಗಾಳಿಗೆ ಹಾರುವ ಸೆರಗನ್ನು ಒಂದು ಕೈಯಲ್ಲಿ ಹಿಡಿದು, ಕುಬಸದ ಮನೆಯ ಗದ್ದಲಕ್ಕೆ ಬೆನ್ನು ಮಾಡಿ ನಿಂತ ವೈಶಾಲಿ ಅವನ ಕಣ್ಣಿಗೆ ಕಟ್ಟಿದಳು. ಫೋನಿನಲ್ಲಿ ಅವಳು ನಗುತ್ತಿದ್ದಳು. ಆ ನಗು ನಿನ್ನೆಯದು.

ಯಾರೂ ಮಾಡುವುದಿಲ್ಲವಂತೆ. ಯಾರೂ ಮಾಡದ್ದನ್ನು ಮಾಡಿದರೆ ಅದು ತನ್ನದಾಗುತ್ತದೆ. ಸುಮ್ಮನಿದ್ದು ಜನರನ್ನು ಕಟ್ಟೆಯ ಮೇಲೆ ಕೊಳೆಸುವುದಕ್ಕಿಂತ, ಜಾಗವಿಲ್ಲ ಹೋಗಪ್ಪಾ ಎಂದು ಮುಖಕ್ಕೆ ಹೇಳುವುದು ಎಷ್ಟೋ ಮರ್ಯಾದೆಯದು. ಸೈಟೂ ಹಗುರಾಗುತ್ತದೆ. ಹೀಗೆ ನ್ಯಾಯದ ಮಾತುಗಳನ್ನು ಜೋಡಿಸಿಕೊಳ್ಳುತ್ತ ಇರುವಾಗಲೇ ಬೆರಳುಗಳು ಆ ಸಾಲನ್ನು ಹುಡುಕಿ ತೆಗೆದಿದ್ದವು. ಸೊನ್ನೆ ಅಳಿಸಿ ಒಂದು ಬರೆದ. ಎಂಟರ್ ಒತ್ತಿದ. ಕರ್ನಲ್ ಯಾಕೆ ಏನು ಎಂದು ಕೇಳಲಿಲ್ಲ. ಕಲ್ಮೇಶನ ಯಂತ್ರ ತನ್ನ ಮಾತು ಕೇಳಿತು ಎಂದು ಮಹಾಲಿಂಗನಿಗೆ ಎದೆಯಲ್ಲಿ ತಣ್ಣಗಾಯಿತು.

ಹತ್ತಾಯಿತು. ಜನ ನುಗ್ಗಿದರು. ಪರದೆಯ ಮೇಲೆ ಬಂದವರ ಲೆಕ್ಕ ತೋರಿಸುವ ಗೆರೆ ಗೋಡೆ ಹತ್ತಿದ ಬೆಕ್ಕಿನಂತೆ ಸರ್ರನೆ ಮೇಲೇರಿತು. ಪಾಳಿ ತುಂಬಿತು. ಹೋದ ಸಲ ಈ ಹಂತದಲ್ಲೇ ಎಲ್ಲವೂ ಕೈಕಾಲು ಬಿಟ್ಟಿತ್ತು. ಈ ಸಲ ಹಾಗಾಗಲಿಲ್ಲ. ಗೆರೆ ಮೇಲೇರಿ, ನಿಂತು, ತುಸು ಹೊತ್ತಿಗೆ ಇಳಿಯತೊಡಗಿತು. ಮರಿಗಳು ಒಂದೊಂದಾಗಿ ಬುಕ್ ಆದವು. ಹಾಲಿನಲ್ಲಿ ಕೈ ಆಡಿಸಿದಷ್ಟು ಸಲೀಸು. ಅಣ್ಣಾಸಾಹೇಬ ಯಾವಾಗ ಮೆಟ್ಟಿಲು ಹತ್ತಿ ಬಂದು ಹಿಂದೆ ನಿಂತನೋ ತಿಳಿಯಲಿಲ್ಲ. ಅವನು ಪರದೆಯನ್ನು ನೋಡಿ, ಮಹಾಲಿಂಗನ ಹೆಗಲ ಮೇಲೆ ಭಾರವಾದ ಕೈಯಿಟ್ಟ. "ಈ ಸಲ ಛಲೋ ಆತು. ಆ ಕಲ್ಮೇಶನ ಹಂಗು ಬ್ಯಾಡ ಇನ್ನ. ಸರ್ವರ್ ಕೆಲಸ ನೀನ ಇಟ್ಕೋ." ಮಹಾಲಿಂಗ ಎದ್ದು ನಿಂತ, ಮತ್ತೆ ಕೂತ. ಎಷ್ಟು ದಿನದಿಂದ ಕಾದ ಮಾತು. ಇದನ್ನು ವೈಶಾಲಿಗೆ ಹೇಗೆ ಹೇಳಬೇಕು, ಸುಮ್ಮನೆ ಮಾತಿನ ನಡುವೆ ಎಂಬಂತೆ ಹೇಳಬೇಕು, ಕಲ್ಮೇಶನಿಗೂ ತಿಳಿಸಿಬಿಡು ಎಂದು ಕೊನೆಯಲ್ಲಿ ಸೇರಿಸಬೇಕು. ಮನಸ್ಸಿನಲ್ಲೇ ಆ ವಾಕ್ಯವನ್ನು ತಿದ್ದಿ ತಿದ್ದಿ ನುಣುಪು ಮಾಡುತ್ತಿದ್ದ.

ಆಫೀಸಿನ ಫೋನು ಬಾರಿಸತೊಡಗಿತು. ಹಳ್ಳಿಯ ಕಡೆಯವರು. ಒಳಗ ಹೋದಂಗ ಆಗಿ ಕಡೀತರಿ, ನಮ್ಮನ್ನ ಹೊರಗ ಹಾಕಿತರಿ, ಏನ್ ತಪ್ಪ ಮಾಡಿದ್ವಿ ಎಂದು ಒಬ್ಬರಾದ ಮೇಲೆ ಒಬ್ಬರು. ಯಾರ ದನಿಯಲ್ಲೂ ಸಿಟ್ಟಿರಲಿಲ್ಲ, ನಾಚಿಕೆಯಿತ್ತು. ಮಹಾಲಿಂಗ ಪಾಳಿ ತುಂಬಿತ್ತರಿ ಎಂದು ಎಲ್ಲರಿಗೂ ಅದೇ ಹೇಳಿದ. ಆಮೇಲೆ ಬುಕ್ ಆದ ಹೆಸರುಗಳ ಮೇಲೆ ಕಣ್ಣಾಡಿಸಿದ. ಅರ್ಧಕ್ಕರ್ಧ ಮರಿಗಳು ಹೆಸರು ಮಾತ್ರ ಬೇರೆಯಾದ ಒಂದೇ ವಿಳಾಸಕ್ಕೆ ಹೋಗಿದ್ದವು, ದೂರದ ಯಾವುದೋ ನಗರದ ದಲ್ಲಾಳಿಗೆ. ಅವನು ಬಾಗಿಲು ಬಡಿಯಲು ಮಷೀನನ್ನೇ ಕೂಡಿಸಿರಬೇಕು. ಮಷೀನಿಗೆ ಮುಖವಿಲ್ಲ, ಎಷ್ಟು ಸಲ ಕಡಿದರೂ ಅದು ಮತ್ತೆ ಬರುತ್ತದೆ. ಹೋದವರು ಮನುಷ್ಯರು. ಅಣ್ಣಾಸಾಹೇಬನಿಗೆ ಹೇಳಿದಾಗ ಅವನು ಮರಿ ಹೋದವಲ್ಲ, ಆತು ಬಿಡು ಎಂದು ಚಹಾ ತರಿಸಿದ. ಚಹಾ ತಣ್ಣಗಾಗುತ್ತಿರುವಾಗ ವೈಶಾಲಿಯ ಫೋನ್ ಬಂತು.

ಹಿಂದೆ ಹೆಂಗಸರ ಹಾಡು ಕೇಳುತ್ತಿತ್ತು. ಅವಳು ಪೀಠಿಕೆ ಹಾಕಲಿಲ್ಲ. "ನೀವು ಏನರ ಮುಟ್ಟಿದ್ರೇನು?"

"ಇಲ್ಲ," ಅಂದ ಮಹಾಲಿಂಗ. ತೊಡಕಿಲ್ಲದೆ, ಥಟ್ಟನೆ ಬಂತು ಆ ಮಾತು. ಅವ್ವನ ಮನೆಯಲ್ಲಿ ಯಾರ ಬಾಯಲ್ಲೂ ಬಾರದ ಮಾತು.

ಹಾಡು ಒಂದು ಸಾಲು ಮುಂದೆ ಹೋಯಿತು. ಆಮೇಲೆ ಅವಳು, ದನಿ ಏರಿಸದೆ, ಮಾಡಿದ ಅಡಿಗೆಯ ಬಗ್ಗೆ ಹೇಳಿದಂತೆ ಹೇಳಿದಳು. ಲೋಕಾಪುರದ ಕುರಿಗಾರರ ಹತ್ತಿರ ರಾಣಿಯ ಮಗಳಿದೆ, ಅದರ ಮರಿಯೊಂದು ಇವತ್ತಿನ ಪಾಳಿಯಲ್ಲಿತ್ತು. ಅತ್ತೆಯ ಹೆಸರಿನಲ್ಲಿ ಅದನ್ನು ಹಿಡಿಯಬೇಕೆಂದು ಹತ್ತಕ್ಕೆ ಮಾಳಿಗೆ ಹತ್ತಿ ಕೂತಿದ್ದಳು. ಕೆಳಗೆ ಇಂಟರ್‌ನೆಟ್ ಸರಿಯಾಗಿ ಸಿಗುವುದಿಲ್ಲ. ನಡುವೆ ಫೋನ್ ಬಂದರೆ ಕೆಡುತ್ತದೆ ಎಂದು ಬೇಡ ಅಂದಿದ್ದಳು. ಮೊದಲೇ ಹೇಳಿದ್ದರೆ ನಿಯಮದ ಮಾತು ತೆಗೆಯುತ್ತೀರಿ ಅಂತ ಹೇಳಿರಲಿಲ್ಲ. ಮರಿಯ ಕಿವಿ ರಾಣಿಯ ಕಿವಿಯ ಹಾಗೇ ಇತ್ತು. "ತಡಾ ಆಗಲಿಲ್ರಿ. ಹಗ್ಗಾ ಕಡದಂಗ ಕಡೀತು. ಸೊನ್ನಿ ಇದ್ದಾಗ ಹಂಗ ಆಗೂದಿಲ್ಲ."

ಮತ್ತೊಮ್ಮೆ ಒತ್ತಬೇಕಿತ್ತು, ಎರಡನೇ ಸಲಕ್ಕೆ ಸಿಗುತ್ತಿತ್ತೇನೋ, ನೀ ಮತ್ತ ಯಾಕ ನೋಡಲಿಲ್ಲ ಎಂದು ಮಹಾಲಿಂಗ ಕೇಳಿಬಿಟ್ಟ. ತಪ್ಪು ಅವಳದೇ ಎಂಬಂತೆ.

"ಸುಮ್ಮ ಇದ್ದಿದ್ರ ಮತ್ತ ಬರ್ತಿದ್ದೆ," ವೈಶಾಲಿ ಅಂದಳು. "ಬ್ಯಾಡ ಅಂದ ಮ್ಯಾಲ ಯಾಕ್ ಬರ್ಲಿ?"

ಫೋನು ಇಟ್ಟಳು. ಮಹಾಲಿಂಗ ಪರದೆಯ ಮುಂದೆ ಕೂತು ಒಂದನ್ನು ಅಳಿಸಿ ಸೊನ್ನೆ ಬರೆದ. ಯಾರೂ ಬಾರದ ಬಾಗಿಲಿಗೆ ಸೊನ್ನೆಯಾದರೇನು, ಒಂದಾದರೇನು. ಅವಳಿಗೆ ಫೋನ್ ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಸ್ವಲ್ಪ ತಡೆದು ಮಾಡಿದ. ಇನ್ನೂ ಸ್ವಲ್ಪ ಹೆಚ್ಚು ತಡೆದು ಮಾಡಿದ. ಎತ್ತಲಿಲ್ಲ, ಕಡಿಯಲೂ ಇಲ್ಲ. ಕಲ್ಮೇಶನ ಫೋನ್ ಬಂತು. ಎಲ್ಲ ಸರಿಯಾಯಿತೇನ್ರಿ ಸರ, ಆಗ ನೀವು ಫೋನ್ ಮಾಡಿದಾಗ ಕುರಿ ಡಾಕ್ಟರ ಜೋಡಿ ಮಾತಾಡಾಕತ್ತಿದ್ದೆ, ನಮ್ಮ ಕುರಿಗೆ ಆರಾಮಿಲ್ಲ ಎಂದು ಅವನು ತಾನಾಗಿಯೇ ಹೇಳಿದ. ಕುರಿ ಹೇಗಿದೆ ಎಂದು ಕೇಳಬೇಕು ಅನ್ನಿಸಿತು. ಆತು ಅಂದಷ್ಟೇ ಹೇಳಿ ಫೋನು ಇಟ್ಟ. ಆ ಗಳಿಗೆಯಲ್ಲೂ, ಈ ಮನುಷ್ಯ ಕೇಳಿದರೆ ಅವಳು ಫೋನು ಎತ್ತುತ್ತಾಳೆ ಎಂದೇ ಅನ್ನಿಸಿತು. ಅದನ್ನು ನುಂಗಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ.

ಬೀಳಗಿಯಲ್ಲಿ ಇಳಿದಾಗ ಹೊತ್ತು ಓರೆಯಾಗಿತ್ತು. ಅಂದಾನೆಪ್ಪನ ಮನೆಯ ಮುಂದೆ ಚಪ್ಪಲಿಗಳ ರಾಶಿ, ಒಳಗೆ ಹಾಡು, ಹೊರಗೆ ಬಾಳೆಎಲೆಗೆ ಮುತ್ತಿದ ನೊಣ. ಕುಬಸದ ಮನೆಗೆ ಗಂಡಸರು ನುಗ್ಗುವ ಹೊತ್ತಲ್ಲ ಅದು. ಮಾವ ಹೊರಗೆ ಬಂದು ಅಳಿಯನನ್ನು ನೋಡಿ, ತಂಬಿಗೆಯಲ್ಲಿ ನೀರು ತಂದಿಟ್ಟ. ಕಟ್ಟೆ ಅದೇ ಕಟ್ಟೆ. ಹಿನ್ನೀರಿನ ಗಾಳಿಗೆ ಅಂಗಿಯ ತೋಳು ಅದೇ ರೀತಿ ಪಟಪಟ ಅಂದಿತು. ಒಳಗಿನಿಂದ ವೈಶಾಲಿಯ ನಗು ಕೇಳಿಸಿತು. ತಂಗಿಯ ಜೊತೆಗೋ, ಯಾರ ಜೊತೆಗೋ. ಮತ್ತೆ ಹಳೆಯ ಉರಿ ಎದ್ದಿತು. ಎದ್ದರೆ ಏಳಲಿ ಎಂದು ಸುಮ್ಮನೆ ಕೂತ. ಹೇಳಬೇಕಾದದ್ದು ಎದೆಯಲ್ಲಿತ್ತು: ನಾನೇ ಮುಟ್ಟಿದೆ, ಮರಿ ನಾನೇ ಕಳೆದೆ, ಇಲ್ಲ ಅಂದದ್ದು ಸುಳ್ಳು.

ಹಾಡು ಮುಗಿಯಿತು. ಆರತಿಯ ತಟ್ಟೆ ಹಿಡಿದು ವೈಶಾಲಿ ಬಾಗಿಲಿಗೆ ಬಂದಳು. ಅವನನ್ನು ಕಂಡು ನಿಂತಳು. ಹಣೆಯ ಕುಂಕುಮ ಬೆವರಿಗೆ ಸ್ವಲ್ಪ ಇಳಿದಿತ್ತು, ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಮಹಾಲಿಂಗ ಬಾಯಿ ತೆರೆದ. ಅವಳು ಆರತಿಯ ನೀರನ್ನು ಅಂಗಳಕ್ಕೆ ಚೆಲ್ಲಿ, ಒಂದು ಮಾತೂ ಆಡದೆ ತಿರುಗಿ ಒಳಗೆ ಹೋದಳು. ಬಾಗಿಲು ಮಾತ್ರ ಮುಚ್ಚಲಿಲ್ಲ.

ಹೋಗ್ರಿ ಅನ್ನಲಿಲ್ಲವಲ್ಲ, ಎಂದುಕೊಂಡ ಮಹಾಲಿಂಗ. ಬೀಳಗಿಯಿಂದ ಕೊನೆಯ ಬಸ್ಸು ಯಾವಾಗ ಎಂಬುದು ನೆನಪಾಯಿತು, ಮರೆತ. ಕಾಲು ಮಡಚಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಮಾವ ಇಟ್ಟ ನೀರು ಕುಡಿದು ಕೂತ.